"ಇನ್ನು ಐದೇ ಕಿಲೋಮೀಟರ್" ಎಂಬ ಮೋಹ: ಎಂಜಿನ್ ಕಾದಾಗ ಒಳಗೆ ನಡೆಯುವುದೇನು?



ಬೇಸಿಗೆ ರಜೆ ಮುಗಿದ ಮೇಲೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಊರಿನ ಮದುವೆ, ಮಾವಿನಹಣ್ಣು, ಟೋಲ್ ನಾಕಾದ ಕ್ಯೂ ಇವುಗಳ ಜೊತೆಗೆ ಕಾರು ಕೈಕೊಟ್ಟ ಕಥೆಯೂ ಒಂದಾದರೂ ಇದ್ದೇ ಇರುತ್ತದೆ. ಈ ಬಾರಿ ಪುಣೆಯ ಕೇಳುಗರೊಬ್ಬರು ಬರೆದಿದ್ದಾರೆ. ಅವರ ಮಾತು ಚಿಕ್ಕದಾಗಿ ಹೀಗಿದೆ:

"ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆವು. ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಬೇರೆ. ಖಂಬಾಟ್ಕಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಇನ್ನು ಐದೇ ಕಿಲೋಮೀಟರ್ ಹೋದರೆ ಢಾಬಾ ಸಿಗುತ್ತದೆ, ಅಲ್ಲೇ ನಿಲ್ಲಿಸೋಣ ಅಂತ ಓಡಿಸಿದೆ. ಅಲ್ಲಿ ಒಡೆದ ಪೈಪ್ ಬದಲಾಯಿಸಿ, ನೀರು ತುಂಬಿಸಿಕೊಂಡೆವು. ಗಾಡಿ ಊರಿಗೂ ಹೋಯಿತು, ವಾಪಸೂ ಬಂತು. ತಿಂಗಳಾದ ಮೇಲೆ ಈಗ ಮೆಕ್ಯಾನಿಕ್ ಹೆಡ್ ಬಿಚ್ಚಬೇಕು, ಖರ್ಚು ಜಾಸ್ತಿ ಅನ್ನುತ್ತಾರೆ. ಐದು ಕಿಲೋಮೀಟರಿಗೆ ಎಂಜಿನ್ ಹಾಳಾಗುತ್ತದೆಯೇ? ನನಗೆ ಟೋಪಿ ಹಾಕುತ್ತಿದ್ದಾರೆಯೇ?"

ಗಾಡಿಯನ್ನು ನೋಡದೆ ತೀರ್ಪು ಕೊಡಲಾಗದು. ಆದರೆ ಐದು ಕಿಲೋಮೀಟರಿಗೆ ಎಂಜಿನ್ ಹಾಳಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇದೆ: ಧಾರಾಳವಾಗಿ ಹಾಳಾಗುತ್ತದೆ. ಹಾಳು ಮಾಡಿದ್ದು ಒಡೆದ ಪೈಪ್ ಅಲ್ಲ, ಪೈಪ್ ಒಡೆದ ಮೇಲೆ ಓಡಿಸಿದ ಆ ಕೆಲವು ನಿಮಿಷ. ಅದು ಹೇಗೆ, ಮೆಕ್ಯಾನಿಕ್ ಹೇಳುವುದು ನಿಜವೋ ಸುಳ್ಳೋ ತಿಳಿಯುವುದು ಹೇಗೆ, ಮುಂದಿನ ಸಲ ಏನು ಮಾಡಬೇಕು, ಮೂರನ್ನೂ ನೋಡೋಣ.

ಹತ್ತು ಗೀಸರ್‌ಗಳ ಶಾಖ

ಪೆಟ್ರೋಲ್ ಉರಿದಾಗ ಸಿಲಿಂಡರಿನ ಒಳಗೆ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಹುಟ್ಟುತ್ತದೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಆದರೂ ಅಲ್ಯುಮಿನಿಯಂ ಪಿಸ್ಟನ್ ಕರಗದೆ ವರ್ಷಗಟ್ಟಲೆ ಬಾಳುತ್ತದೆ. ಕಾರಣ, ಆ ಬಿಸಿಯನ್ನು ಪ್ರತಿ ಕ್ಷಣವೂ ಹೊರಗೆ ಸಾಗಿಸುವ ವ್ಯವಸ್ಥೆ ಇದೆ.

ನಾವು ಹಾಕುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತದೆ. ಉಳಿದ ಪಾಲಿನಲ್ಲಿ ಹೆಚ್ಚಿನದನ್ನು ಕೂಲೆಂಟ್ ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು.

ಜನ, ಸಾಮಾನು ತುಂಬಿದ ಒಂದು ಚಿಕ್ಕ ಕಾರು ಘಾಟ್ ಹತ್ತುವಾಗ 20 ಕಿಲೋವ್ಯಾಟ್ ಶಕ್ತಿ ಬಳಸುತ್ತಿದೆ ಎಂದುಕೊಳ್ಳಿ. ಅಷ್ಟೇ ಪ್ರಮಾಣದ ಶಾಖ ಕೂಲೆಂಟಿಗೂ ಸೇರುತ್ತಿರುತ್ತದೆ. ನಮ್ಮ ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ಅಂದರೆ ಹತ್ತು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು ಶಾಖ, ಅದನ್ನು ಹೊರಲು ಇರುವುದು ನಾಲ್ಕೈದು ಲೀಟರ್ ಕೂಲೆಂಟ್. ಅದು ಸುತ್ತುತ್ತಾ ಇದ್ದರೆ ಏನೂ ತೊಂದರೆಯಿಲ್ಲ. ಸುತ್ತುವುದು ನಿಂತರೆ ಅಥವಾ ಸೋರಿ ಹೋದರೆ, ಎಂಜಿನ್ ಕೆಡುವ ಮಟ್ಟಕ್ಕೆ ಬಿಸಿಯಾಗಲು ಗಂಟೆಗಳು ಬೇಕಿಲ್ಲ, ಕೆಲವೇ ನಿಮಿಷ ಸಾಕು.

ಕುಕ್ಕರಿನ ಪಾಠ

ಕೂಲೆಂಟಿನ ಗುಟ್ಟು ತಿಳಿಯಬೇಕಾದರೆ ಅಡುಗೆಮನೆಗೆ ಹೋಗಬೇಕು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಆದರೆ ಕುಕ್ಕರಿನಲ್ಲಿ ಒತ್ತಡ ಇರುವುದರಿಂದ 120 ಡಿಗ್ರಿ ಹತ್ತಿರ ಬಂದರೂ ಒಳಗಿನ ನೀರು ನೀರಾಗಿಯೇ ಇರುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ.

ಕಾರಿನ ಕೂಲಿಂಗ್ ವ್ಯವಸ್ಥೆಯೂ ಇಂಥದೇ ಕುಕ್ಕರ್. ರೇಡಿಯೇಟರ್ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳವೇ ಇಲ್ಲಿ ಕುಕ್ಕರಿನ ವೇಟ್. ಅದು ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಉಳಿಸಿಕೊಳ್ಳುತ್ತದೆ. ಜೊತೆಗೆ ನೀರಿನಲ್ಲಿ ಗ್ಲೈಕಾಲ್ ಬೆರೆತ ಕೂಲೆಂಟ್ ಇದ್ದರೆ ಕುದಿಯುವ ಬಿಂದು ಇನ್ನೂ ಮೇಲೇರಿ 125 ಡಿಗ್ರಿ ದಾಟುತ್ತದೆ. ಎಂಜಿನ್ ಮಾಮೂಲಾಗಿ ಕೆಲಸ ಮಾಡುವುದು 90 ಡಿಗ್ರಿ ಆಸುಪಾಸಿನಲ್ಲಿ. ಹೀಗಾಗಿ ನಡುವೆ ಒಳ್ಳೆಯ ಅಂತರ ಇರುತ್ತದೆ.

ಪೈಪ್ ಒಡೆದರೆ ಒಂದೇ ಹೊಡೆತಕ್ಕೆ ಎರಡು ನಷ್ಟ. ಕೂಲೆಂಟ್ ಸೋರುತ್ತದೆ, ಒತ್ತಡವೂ ಇಳಿಯುತ್ತದೆ. ಒತ್ತಡ ಇಳಿದ ಕೂಡಲೇ ಒಳಗೆ ಉಳಿದ ಬಿಸಿನೀರು ಕೊತಕೊತ ಕುದಿದು ಆವಿಯಾಗುತ್ತದೆ. ಆವಿಯ ಗುಳ್ಳೆ ಲೋಹಕ್ಕೆ ಅಂಟಿಕೊಂಡ ಜಾಗದಲ್ಲಿ ನೀರು ತಾಗುವುದಿಲ್ಲ, ನೀರು ತಾಗದ ಜಾಗದ ಶಾಖ ಹೊರಗೆ ಹೋಗುವುದಿಲ್ಲ. ಮೊದಲು ಪೆಟ್ಟು ತಿನ್ನುವುದು ಎಕ್ಸಾಸ್ಟ್ ವಾಲ್ವ್‌ಗಳ ಅಕ್ಕಪಕ್ಕದ ಲೋಹ, ಏಕೆಂದರೆ ಉರಿದ ಗಾಳಿ ಹೊರಹೋಗುವ ಬಾಗಿಲು ಅದು.

ಆ ಹತ್ತು ನಿಮಿಷ

ಐದು ಕಿಲೋಮೀಟರ್ ಘಾಟನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಹತ್ತು ನಿಮಿಷ ಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ 100 ಸಲ ಒಳಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಲೆಕ್ಕ ಹಾಕಿ: 60,000 ಸಲ. ತಣಿಸುವವರು ಇಲ್ಲದ ಒಲೆಯಲ್ಲಿ 60,000 ಸಲ ಬೆಂಕಿ! "ಐದೇ ಕಿಲೋಮೀಟರ್" ಎಂಬುದು ರಸ್ತೆಯ ಲೆಕ್ಕ. ಎಂಜಿನಿನ ಲೆಕ್ಕ ಇದು.

ಈ ಹೊತ್ತಿನಲ್ಲಿ ಆಗುವ ಹಾನಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಹೆಡ್ ಸೊಟ್ಟಗಾಗುವುದು. ಎಂಜಿನಿನ ಕೆಳಭಾಗ ಬ್ಲಾಕ್, ಅದರ ಮೇಲೆ ಬೋಲ್ಟ್ ಬಿಗಿದು ಕೂರಿಸಿದ ಮುಚ್ಚಳ ಹೆಡ್. ಹಳೆಯ ಅಂಬಾಸಿಡರಿನಲ್ಲಿ ಎರಡೂ ಎರಕದ ಕಬ್ಬಿಣದವು. ಇಂದಿನ ಕಾರುಗಳಲ್ಲಿ ಹೆಡ್ ಅಲ್ಯುಮಿನಿಯಂನದು, ಎಷ್ಟೋ ಕಾರುಗಳಲ್ಲಿ ಬ್ಲಾಕೂ ಅದೇ. ಅಲ್ಯುಮಿನಿಯಂ ಹಗುರ, ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಆದರೆ ಬಿಸಿಯಾದಾಗ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಅಲ್ಯುಮಿನಿಯಂ ಹೆಡ್ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.9 ಮಿಲಿಮೀಟರ್ ಉದ್ದವಾಗಲು ನೋಡುತ್ತದೆ. ಅದರ ಕೆಳಗಿನ ಕಬ್ಬಿಣದ ಬ್ಲಾಕ್ ಅಷ್ಟೇ ಕಾದರೂ ಅದರಲ್ಲಿ ಅರ್ಧ ಮಾತ್ರ ಹಿಗ್ಗುತ್ತದೆ. ನಡುವೆ ಬೋಲ್ಟ್‌ಗಳು ಬಿಗಿಯಾಗಿ ಹಿಡಿದಿರುತ್ತವೆ. ಉದ್ದವಾಗಲು ಜಾಗ ಸಿಗದ ಲೋಹ ಬಾಗುತ್ತದೆ. ಬಿಸಿಯಲ್ಲಿ ಅದು ಮೆತ್ತಗೂ ಆಗಿರುವುದರಿಂದ, ತಣ್ಣಗಾದ ಮೇಲೆ ಮೊದಲಿನ ಆಕಾರಕ್ಕೆ ಪೂರ್ತಿ ಮರಳುವುದಿಲ್ಲ. ಇದನ್ನೇ ಮೆಕ್ಯಾನಿಕ್‌ಗಳು "ಹೆಡ್ ಬೆಂಡ್ ಆಗಿದೆ" ಅನ್ನುವುದು.

ಎಷ್ಟು ಬಾಗಿದರೆ ಕೆಟ್ಟಂತೆ? ಎಷ್ಟೋ ಎಂಜಿನ್‌ಗಳಲ್ಲಿ ತಯಾರಕರು ಒಪ್ಪುವ ಮಿತಿ 0.05 ಮಿಲಿಮೀಟರ್ ಆಸುಪಾಸು. ಅದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಎಂಜಿನಿಗೆ ಅದು ಬಾಗಿದ್ದೇ.

ಎರಡನೆಯದು, ಹೆಡ್ ಗ್ಯಾಸ್ಕೆಟ್. ಕುಕ್ಕರಿನ ಮುಚ್ಚಳಕ್ಕೂ ಪಾತ್ರೆಗೂ ನಡುವೆ ರಬ್ಬರ್ ಗ್ಯಾಸ್ಕೆಟ್ ಇರುವ ಹಾಗೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಒಂದು ತೆಳು ಗ್ಯಾಸ್ಕೆಟ್ ಇರುತ್ತದೆ. ಸಿಲಿಂಡರಿನ ಬೆಂಕಿ, ಕೂಲೆಂಟ್, ಎಂಜಿನ್ ಆಯಿಲ್ ಈ ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಹೆಡ್ ಬಾಗಿದರೆ ಗ್ಯಾಸ್ಕೆಟ್ ಮೇಲಿನ ಹಿಡಿತ ಒಂದು ಕಡೆ ಸಡಿಲವಾಗುತ್ತದೆ. ಅಲ್ಲಿಂದ ಸೋರಿಕೆ ಶುರು.

ಮೂರನೆಯದು, ಆಯಿಲ್. ಬೆಲ್ಲದ ಪಾಕ ಬಿಸಿಯಿದ್ದಾಗ ನೀರಿನಂತೆ ಹರಿಯುವುದನ್ನು ನೋಡಿದ್ದೀರಲ್ಲ? ಎಂಜಿನ್ ಆಯಿಲ್ ಕೂಡ ಹಾಗೆಯೇ, ಅತಿಯಾಗಿ ಕಾದರೆ ತೆಳುವಾಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರಬೇಕಾದ ಆಯಿಲ್ ಪದರ ಹರಿದುಹೋಗುತ್ತದೆ. ಅದೇ ಹೊತ್ತಿಗೆ ಪಿಸ್ಟನ್ ಹಿಗ್ಗಿ ಗೋಡೆಗೆ ಉಜ್ಜುತ್ತದೆ, ಗೀರು ಬೀಳುತ್ತದೆ. ಇನ್ನೂ ಓಡಿಸಿದರೆ ಪಿಸ್ಟನ್ ಗೋಡೆಗೆ ಕಚ್ಚಿಕೊಂಡು ಎಂಜಿನ್ ನಿಂತೇಹೋಗುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಇದೇ "ಸೀಜ್". ಅಲ್ಲಿಗೆ ಬಂದರೆ ಹೆಡ್ ಮಾತ್ರವಲ್ಲ, ಪೂರ್ತಿ ಎಂಜಿನ್ನೇ ಬಿಚ್ಚಬೇಕು.

ನಾಲ್ಕನೆಯದು, ಬಿರುಕು. ವಾಲ್ವ್‌ಗಳ ನಡುವಿನ ಕಿರಿದಾದ ಲೋಹದಲ್ಲಿ ಬಿರುಕು ಬಿಡಬಹುದು. ಗಾಬರಿಯಲ್ಲಿ ಕಾದ ಎಂಜಿನಿನ ಮೇಲೆ ತಣ್ಣೀರು ಸುರಿದರಂತೂ ಬಿರುಕನ್ನು ನಾವೇ ಕರೆದಂತೆ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದ ಹಾಗೆ ಅದು.

ಮುಂಬಯಿಯಲ್ಲಿ ಬಹಳ ವರ್ಷ ಇದ್ದವರಿಗೆ ಇಲ್ಲೊಂದು ಅನುಮಾನ ಬರಬಹುದು. 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳ ಡ್ರೈವರುಗಳು ಬಾನೆಟ್ ಎತ್ತಿ, ಡಬ್ಬದಿಂದ ನೀರು ಹಾಕಿ, ಮತ್ತೆ ಹೊರಡುತ್ತಿದ್ದರಲ್ಲ ಎಂದು. ನಿಜ. ಆದರೆ ಅವರು ಗಾಡಿ ನಿಲ್ಲಿಸಿ ನೀರು ಹಾಕುತ್ತಿದ್ದರು ಎಂಬುದನ್ನು ಮರೆಯಬಾರದು. ನಮ್ಮ ತಲೆಯಲ್ಲಿ "ನೀರು ಹಾಕಿದರೆ ಆಯಿತು" ಎಂಬುದು ಉಳಿದಿದೆ, "ಮೊದಲು ನಿಲ್ಲಿಸಬೇಕು" ಎಂಬುದು ಅಳಿಸಿಹೋಗಿದೆ.

ಮುಳ್ಳನ್ನು ಪೂರ್ತಿ ನಂಬಬೇಡಿ

ಟೆಂಪರೇಚರ್ ಮುಳ್ಳು ಥರ್ಮಾಮೀಟರ್ ಅಲ್ಲ. ಎಷ್ಟೋ ಕಾರುಗಳಲ್ಲಿ ಕೂಲೆಂಟ್ 80 ಡಿಗ್ರಿ ಇರಲಿ, 100 ಡಿಗ್ರಿ ಇರಲಿ, ಮುಳ್ಳು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ, ಓಡಿಸುವವರು ಸುಮ್ಮನೆ ಗಾಬರಿಯಾಗದಿರಲಿ ಎಂದು. ಆದ್ದರಿಂದ ಮುಳ್ಳು ನಡುವಿನಿಂದ ಅಲುಗಿತು ಎಂದರೆ ಒಳಗೆ ಆಗಲೇ ಸಾಕಷ್ಟು ಬಿಸಿಯಾಗಿದೆ ಎಂದರ್ಥ. ಈಗಿನ ಹಲವು ಚಿಕ್ಕ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ. ನೀಲಿ ದೀಪ ಎಂದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು. ಕೆಂಪು ದೀಪ ಬಂದರೆ ಯೋಚಿಸಲು ಸಮಯವಿಲ್ಲ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಸುತ್ತ ಗಾಳಿ, ಆವಿ ಮಾತ್ರ ಉಳಿಯುತ್ತದೆ. ಆಗ ಎಂಜಿನ್ ಉರಿಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು! ಕೆಂಪಿಗೆ ಹೋದ ಮುಳ್ಳು ತಾನಾಗಿಯೇ ಸರ್ರನೆ ಇಳಿದರೆ "ಅಬ್ಬಾ, ತಣ್ಣಗಾಯಿತು" ಎಂದು ಮುಂದೆ ಹೋಗಬೇಡಿ. ಸಿಹಿ ವಾಸನೆ, ಬಾನೆಟ್ಟಿನಿಂದ ಹಬೆ, ಗಾಡಿ ಎಳೆಯದಿರುವುದು, ಎಂಜಿನಿನಿಂದ ಟಕಟಕ ಶಬ್ದ, ಹೀಟರ್ ಹಾಕಿದರೂ ತಣ್ಣನೆ ಗಾಳಿ ಬರುವುದು, ಇವೆಲ್ಲ ಮುಳ್ಳಿಗಿಂತ ನಂಬಬಹುದಾದ ಸಾಕ್ಷಿಗಳು.

ತಿಂಗಳು ಬಿಟ್ಟು ಏಕೆ?

ಈಗ ಪುಣೆಯ ಕೇಳುಗರ ಪ್ರಶ್ನೆಗೆ ಬರೋಣ. ಅಂದು ಎಂಜಿನ್ ಸೀಜ್ ಆಗಲಿಲ್ಲ. ಹೆಡ್ ಕೂದಲೆಳೆಯಷ್ಟು ಬಾಗಿ, ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸುಟ್ಟಿರಬಹುದು. ಆಗ ಗಾಡಿ ಓಡುತ್ತದೆ, ಆದರೆ ಒಳಗೆ ಸೋರಿಕೆ ಮುಂದುವರಿಯುತ್ತದೆ. ಗುರುತುಗಳು ಹೀಗಿರುತ್ತವೆ: ನೆಲದ ಮೇಲೆ ಒಂದು ಹನಿ ಬೀಳದಿದ್ದರೂ ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆ. ಆಯಿಲ್ ಮುಚ್ಚಳದ ಕೆಳಗೆ, ಡಿಪ್‌ಸ್ಟಿಕ್ ಮೇಲೆ, ಹಾಲು ಬೆರೆಸಿದ ಕಾಫಿಯಂಥ ನೊರೆ ಕಾಣುತ್ತದೆ.

ಇವುಗಳಲ್ಲಿ ಒಂದನ್ನೇ ನೋಡಿ ಹೆದರಬೇಕಿಲ್ಲ. ದೆಹಲಿಯ ಜನವರಿ ಬೆಳಿಗ್ಗೆ ಆರೋಗ್ಯವಾಗಿರುವ ಕಾರೂ ಸ್ವಲ್ಪ ಹೊತ್ತು ಬಿಳಿ ಹೊಗೆ ಬಿಡುತ್ತದೆ. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟ ಇದ್ದರೆ ಆಯಿಲ್ ಮುಚ್ಚಳದಲ್ಲಿ ತುಸು ನೊರೆ ಕಾಣುವುದೂ ಉಂಟು. ಎರಡು ಮೂರು ಗುರುತು ಸೇರಿದರೆ ಮಾತ್ರ ತಡ ಮಾಡಬೇಡಿ. ಆಯಿಲ್‌ಗೆ ನೀರು ಬೆರೆತರೆ ಬೇರಿಂಗ್‌ಗಳು ಸವೆಯುತ್ತವೆ, ಹೆಡ್ಡಿನಲ್ಲಿ ಮುಗಿಯಬಹುದಾಗಿದ್ದ ಖರ್ಚು ಪೂರ್ತಿ ಎಂಜಿನಿಗೆ ಹಬ್ಬುತ್ತದೆ.

ಮೆಕ್ಯಾನಿಕ್‌ಗೆ ಕೇಳಬೇಕಾದದ್ದು

ಜಗಳ ಬೇಡ, ಪರೀಕ್ಷೆ ಕೇಳಿ. ಹೆಡ್ ಬಿಚ್ಚುವ ಮೊದಲೇ ಮಾಡಬಹುದಾದ ಪರೀಕ್ಷೆಗಳಿವೆ. ಒಂದು, ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುವುದು. ಇನ್ನೊಂದು, ಕೂಲೆಂಟಿನಲ್ಲಿ ಸಿಲಿಂಡರಿನ ಹೊಗೆ ಸೇರಿದೆಯೇ ಎಂದು ಬಣ್ಣ ಬದಲಾಯಿಸುವ ದ್ರಾವಣದಿಂದ ನೋಡುವುದು. ಪೆಟ್ರೋಲ್ ಗಾಡಿಯಲ್ಲಿ ಗ್ಯಾಸ್ಕೆಟ್ ಹೋಗಿದ್ದರೆ ನೀಲಿ ದ್ರಾವಣ ಹಳದಿಯಾಗುತ್ತದೆ.

ಹೆಡ್ ಬಿಚ್ಚಿದ ದಿನ ನೀವೂ ಅಲ್ಲಿರಿ. ನೇರ ಪಟ್ಟಿಯನ್ನು ಹೆಡ್ ಮೇಲೆ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ, ಎಷ್ಟು ಸೊಟ್ಟ ಇದೆ ಎಂದು ತೋರಿಸಲು ಹೇಳಿ. ಹಳೆಯ ಗ್ಯಾಸ್ಕೆಟ್ ನೋಡಿ, ಸುಟ್ಟ ಜಾಗ ಕಪ್ಪಾಗಿ ಕಾಣುತ್ತದೆ. ಬಿರುಕು ಇದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸಿ. ಸ್ವಲ್ಪ ಬಾಗಿದ್ದರೆ ಮಷೀನ್ ಶಾಪಿನಲ್ಲಿ ಹೆಡ್ ಫೇಸಿಂಗ್ ಮಾಡಿ ಸಮ ಮಾಡುತ್ತಾರೆ. ಅದಕ್ಕೂ ಮಿತಿಯಿದೆ, ಮಿತಿ ಮೀರಿ ಬಾಗಿದ್ದರೆ ಹೊಸ ಹೆಡ್ಡೇ ಬೇಕು. ಹೆಡ್ ಬೋಲ್ಟ್‌ಗಳನ್ನು ಎಷ್ಟೋ ಎಂಜಿನ್‌ಗಳಲ್ಲಿ ಎರಡನೇ ಸಲ ಬಳಸುವಂತಿಲ್ಲ. ಅದನ್ನೂ ಕೇಳಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: "ಮೊದಲು ಕಾದದ್ದು ಯಾಕೆ?" ಪೈಪ್ ಒಡೆಯಿತು ಸರಿ, ಅದು ವಯಸ್ಸಾಗಿ ಒಡೆಯಿತೋ, ಫ್ಯಾನ್ ತಿರುಗದೆಯೋ, ಥರ್ಮೋಸ್ಟಾಟ್ ಮುಚ್ಚಿಕೊಂಡು ಬಿಸಿ ಏರಿಯೋ? ಮೂಲ ಕಾರಣ ಸರಿಪಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಸುಡುತ್ತದೆ.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಸಾಮಾನ್ಯ ವಾಹನ ವಿಮೆಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಸೇರುವುದಿಲ್ಲ. ಅಂದರೆ ಈ ಖರ್ಚು ನಮ್ಮ ಜೇಬಿನದೇ.

ಮುಂದಿನ ಸಲ ಮುಳ್ಳು ಏರಿದರೆ

ಮುಳ್ಳು ಮಾಮೂಲಿ ಜಾಗದಿಂದ ಅಲುಗಿದ ಕೂಡಲೇ ಎ.ಸಿ. ಆಫ್ ಮಾಡಿ. ಕಿಟಕಿ ಇಳಿಸಿ ಹೀಟರ್ ಪೂರ್ತಿ ಹಾಕಿ. ಮೇ ತಿಂಗಳಲ್ಲಿ ಹೀಟರೇ ಎಂದು ನಗಬೇಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಎಂಜಿನಿನ ಶಾಖವನ್ನು ಕಾರಿನೊಳಗೆ ಎಳೆದುಕೊಳ್ಳುತ್ತದೆ. ಇದು ನಿಲ್ಲಿಸಲು ಜಾಗ ಸಿಗುವವರೆಗೆ ಮಾತ್ರ. ಮುಳ್ಳು ಕೆಂಪಿಗೆ ಹೋದರೆ ಅಥವಾ ಹಬೆ ಕಂಡರೆ ಹಜಾರ್ಡ್ ಲೈಟ್ ಹಾಕಿ, ರಸ್ತೆಯ ಎಡಬದಿಗೆ ಇಳಿಸಿ, ಎಂಜಿನ್ ಆಫ್ ಮಾಡಿ. ಮಕ್ಕಳನ್ನೂ ಹಿರಿಯರನ್ನೂ ಎಡಬಾಗಿಲಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ತ್ರಿಕೋನದ ಎಚ್ಚರಿಕೆ ಫಲಕವನ್ನು ಹಿಂದೆ ಇಡಿ.

ಮುಚ್ಚಳಕ್ಕೆ ಕೈ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ವಿಶಲ್ ಇಳಿಯದ ಕುಕ್ಕರಿನ ಮುಚ್ಚಳ ತೆಗೆಯುವವರಿಲ್ಲ, ಆದರೆ ರೇಡಿಯೇಟರ್ ಮುಚ್ಚಳ ತೆಗೆದು ಮುಖ, ಕೈ ಸುಟ್ಟುಕೊಂಡವರು ಬಹಳ. ಕಡಿಮೆಯೆಂದರೂ ಮುಕ್ಕಾಲು ಗಂಟೆ ಬಿಡಿ. ನಂತರ ದಪ್ಪ ಬಟ್ಟೆ ಹಿಡಿದು ರೇಡಿಯೇಟರಿನ ಮೇಲಿನ ಪೈಪ್ ಅದುಮಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಇನ್ನೂ ಒತ್ತಡ ಇದೆ, ಕಾಯಿರಿ. ಎಂಜಿನ್ ಆಫ್ ಆಗಿದ್ದರೂ ಫ್ಯಾನ್ ತಾನಾಗಿ ತಿರುಗಬಹುದು, ಕೈ, ದುಪಟ್ಟಾ, ಸೆರಗು ಹತ್ತಿರ ತರಬೇಡಿ.

ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಇಳಿದಿದ್ದರೆ ಕುಡಿಯುವ ನೀರನ್ನೇ ನಿಧಾನವಾಗಿ ತುಂಬಿಸಬಹುದು, ತುರ್ತಿಗೆ ತಪ್ಪಿಲ್ಲ. ಊರು ತಲುಪಿದ ಮೇಲೆ ಸರಿಯಾದ ಕೂಲೆಂಟ್ ಹಾಕಿಸಿ. ಹಾಕಿದ ನೀರು ಮತ್ತೆ ಸೋರಿದರೆ ಅಥವಾ ಮುಳ್ಳು ಮತ್ತೆ ಏರಿದರೆ ಓಡಿಸಲೇಬೇಡಿ, ಟೋ ಮಾಡಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ಸಹಾಯ ಸಿಗುತ್ತದೆ. ಟೋ ಖರ್ಚು ಜಾಸ್ತಿ ಅನ್ನಿಸಬಹುದು. ಹೆಡ್ ಖರ್ಚಿನ ಪಕ್ಕ ಇಟ್ಟು ನೋಡಿ, ಆಗ ಅಗ್ಗ ಅನ್ನಿಸುತ್ತದೆ.

ಹೊರಡುವ ಹಿಂದಿನ ದಿನ

ಮುಂಬಯಿಯಿಂದ ಕೊಂಕಣ ರಸ್ತೆಯಲ್ಲಿ ಉಡುಪಿಗೆ ಹೊರಡಿ, ಹೈದರಾಬಾದಿನಿಂದ ಕರ್ನೂಲು, ಅನಂತಪುರದ ಬಿಸಿಲಿನಲ್ಲಿ ಬೆಂಗಳೂರಿಗೆ ಹೊರಡಿ, ಚೆನ್ನೈನಿಂದ ಕೃಷ್ಣಗಿರಿ ಏರಿ ಬನ್ನಿ, ಹತ್ತು ನಿಮಿಷದ ಈ ತಪಾಸಣೆ ಒಂದೇ. ಎಂಜಿನ್ ತಣ್ಣಗಿರುವಾಗ ಟ್ಯಾಂಕಿನಲ್ಲಿ ಕೂಲೆಂಟ್ ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಇದೆಯೇ ನೋಡಿ. ಪೈಪ್‌ಗಳನ್ನು ಅದುಮಿ ನೋಡಿ, ಉಬ್ಬಿದ್ದರೆ, ಬಿರುಕಿದ್ದರೆ ಬದಲಾಯಿಸಿ, ಕೆಲವು ನೂರು ರೂಪಾಯಿಯ ಮಾತು. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದಾಗ ರೇಡಿಯೇಟರ್ ಫ್ಯಾನ್ ತಿರುಗುತ್ತದೆಯೇ ಗಮನಿಸಿ. ರೇಡಿಯೇಟರಿನ ಮುಂದೆ ಕೆಸರು, ಎಲೆ, ಪ್ಲಾಸ್ಟಿಕ್ ಅಂಟಿದ್ದರೆ ತೆಗೆಸಿ.

ಇನ್ನೊಂದು ಮಾತು, ಬೋರ್‌ವೆಲ್ ನೀರನ್ನೇ ಯಾವಾಗಲೂ ತುಂಬಿಸುವ ಅಭ್ಯಾಸ ಬಿಡಿ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟ್ ಯಾವುದು, ಎಷ್ಟು ದಿನಕ್ಕೆ ಬದಲಾಯಿಸಬೇಕು ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಬೇರೆ ಬೇರೆ ಜಾತಿಯವನ್ನು ಬೆರೆಸಬೇಡಿ.

ಪುಣೆಯ ಕೇಳುಗರೇ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳೇ ಇರಬೇಕೆಂದಿಲ್ಲ. ಪರೀಕ್ಷೆ ಮಾಡಿಸಿ, ಕಣ್ಣಾರೆ ನೋಡಿ, ಆಮೇಲೆ ಒಪ್ಪಿಕೊಳ್ಳಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಮನೆ ಮಂದಿಯೆಲ್ಲ ಸುರಕ್ಷಿತವಾಗಿ ಊರು ಮುಟ್ಟಿ ಬಂದಿರಲ್ಲ, ಅದು ದೊಡ್ಡದು. ಉಳಿದ ಕೇಳುಗರು ಈ ಪತ್ರದಿಂದ ಒಂದು ವಾಕ್ಯ ನೆನಪಿಟ್ಟುಕೊಂಡರೆ ಸಾಕು: ಮುಳ್ಳು ಏರಿದರೆ ಊರು ಎಷ್ಟು ದೂರ ಎಂದು ನೋಡಬೇಡಿ, ನಿಲ್ಲಿಸಲು ಜಾಗ ಎಲ್ಲಿದೆ ಎಂದು ನೋಡಿ.

ಶುಭ ಪ್ರಯಾಣ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.